ಸಂತೆಬೀದಿಯ ಎರಡು ಪರದೆಗಳು

ಐವತ್ತರ ದಶಕದ ನಡುವಿನಲ್ಲಿ ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದೆ, ಊಟ ಹೋಟೆಲಿನಲ್ಲಿ. ನಮ್ಮದು ರಾವಂದೂರಿನ ಕಡೆಯ ಬೇಸಾಯದ ಮನೆತನ. ಹೊಲ ಅಣ್ಣ ನೋಡಿಕೊಳ್ಳುತ್ತಿದ್ದ. ನಾನು ಬಿ.ಎಸ್‌ಸಿ. ಓದಿ ಸರ್ಕಾರಿ ಕೆಲಸ ಹಿಡಿದದ್ದು ಮನೆಯವರಿಗೆ ಸಾಕಾಗಿತ್ತು, ನನಗೂ ಸಾಕಾಗಿತ್ತು. ಪಾಠ ಮಾಡುವುದು, ಸಂಜೆ ಲಕ್ಷ್ಮಣತೀರ್ಥದ ಸೇತುವೆಯವರೆಗೆ ನಡೆದು ವಾಪಸು ಬರುವುದು. ಅದರಾಚೆ ನನಗೆ ಯಾವ ಹಂಬಲವೂ ಇರಲಿಲ್ಲ.

ಒಂದು ಭಾನುವಾರ ಮೈಸೂರಿನಿಂದ ನನ್ನ ಪ್ರೊಫೆಸರರು ಹೇಳಿಕಳಿಸಿದರು. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ಸಣ್ಣ ದನಿ, ಮಾತು ಕಡಿಮೆ, ತರಗತಿಯಲ್ಲಿ ಸೀಮೆಸುಣ್ಣ ಮುರಿದರೂ ಅದಕ್ಕೊಂದು ಕಾರಣ ಹೇಳುವಂಥವರು. ಅವರ ಮನೆಗೆ ಹೋದಾಗ, ತಾಲ್ಲೂಕುಗಳಲ್ಲಿ ಮೇಷ್ಟ್ರಾಗಿದ್ದ ಹಳೆಯ ವಿದ್ಯಾರ್ಥಿಗಳು ಇನ್ನೂ ಕೆಲವರು ಬಂದು ಕೂತಿದ್ದರು. ಪ್ರೊಫೆಸರರು ಪತ್ರಿಕೆಯೊಂದನ್ನು ತೆಗೆದು ಓದಿದರು. ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ, ಈ ಬಾಂಬುಗಳನ್ನು ಕೈಬಿಡಿ ಎಂದು ಸರ್ಕಾರಗಳಿಗೆ ಮನವಿ ಮಾಡಿಕೊಂಡ ಸುದ್ದಿ ಅದು.

"ಇದನ್ನ ಮಾಡಿದ್ದು ನಮ್ಮ ಶಾಸ್ತ್ರ ಓದಿದ ಜನವೇ," ಅಂದರು. "ಬೇಡ ಅಂತ ಹೇಳೋದಕ್ಕೂ ನಾವೇ ಹೋಗಬೇಕು. ನಿಮ್ಮ ನಿಮ್ಮ ಊರಿನಲ್ಲಿ ಜನಕ್ಕೆ ತಿಳಿಸಿ. ದೊಡ್ಡ ಮಾತೇನೂ ಬೇಡ. ಗೊತ್ತಿರೋದನ್ನ ಹೇಳಿ."

ಒಪ್ಪಿಕೊಂಡು ಬಂದೆ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ ಎನ್ನುವುದೇ ಹೆಚ್ಚು ಸರಿ.

ಮೊದಲ ಭಾಷಣ ರಾವಂದೂರಿನಲ್ಲಿ ಮಾಡಿದೆ. ನಮ್ಮ ಕಡೆಯವನು ಎಂಬ ಅಭಿಮಾನಕ್ಕೆ ಜನ ಸೇರಿದ್ದರು. ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದು, ನಡುವೆ ಚುಕ್ಕೆ ಇಟ್ಟು, ಪರಮಾಣು ಒಡೆಯುವುದು ಹೇಗೆ ಎಂದು ವಿವರಿಸಿದೆ. ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ಒಬ್ಬ ಹಿರಿಯರು ಎದ್ದು ನಿಂತು, "ಇದರಿಂದ ಕರೆಂಟು ಮಾಡ್ಬೋದಂತಲ್ಲಪ್ಪ, ನಮ್ಮೂರಿಗೆ ಯಾವಾಗ ಬತ್ತದೆ?" ಎಂದು ಕೇಳಿದರು. ಅಣ್ಣ ತಲೆ ತಗ್ಗಿಸಿಕೊಂಡು ನಕ್ಕ. ಎರಡನೆಯ ಭಾಷಣಕ್ಕೆ ಅಷ್ಟು ಜನವೂ ಬರಲಿಲ್ಲ.

ಮೂರನೆಯದು ನಮ್ಮ ಶಾಲೆಯಲ್ಲೇ, ಮಕ್ಕಳ ತಂದೆತಾಯಿಗಳಿಗೆ. ಆ ದಿನ ವೇದಿಕೆಯ ಮೇಲೆ ಒಬ್ಬರು ಏಣಿ ಹತ್ತಿ ಶಾಲೆಯ ನಾಟಕದ ಪರದೆಗೆ ಬಣ್ಣ ತುಂಬುತ್ತಿದ್ದರು. ಶಾಲಾ ದಿನಾಚರಣೆ ಹತ್ತಿರವಿತ್ತು. ನಲವತ್ತು ದಾಟಿದ ವಯಸ್ಸು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಬಣ್ಣದ ಕಲೆಯಾಗದಂತೆ ಮೊಣಕೈವರೆಗೆ ಮಡಚಿದ ರೇಷ್ಮೆ ಜುಬ್ಬ. "ಪೇಂಟರೇ, ಸ್ವಲ್ಪ ಹೊತ್ತು ಕೆಲಸ ನಿಲ್ಲಿಸ್ತೀರಾ?" ಎಂದೆ. ಅವರು ಇಳಿದು ಬಂದು ನನ್ನ ಎದುರು ನಿಂತರು.

"ಪೇಂಟರ್ ಅಂದ್ರೆ ಗೋಡೆಗೆ ಸುಣ್ಣ ಬಳಿಯೋನು. ನಾನು ಆರ್ಟಿಸ್ಟು ಕಣ್ರೀ," ಅಂದರು. ಕೋಪದಿಂದಲ್ಲ, ತಿಳಿಯದವನಿಗೆ ತಿಳಿಸಿ ಹೇಳುವ ರೀತಿಯಲ್ಲಿ. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಭಾಷಣವನ್ನು ಕೊನೆಯವರೆಗೆ ಕೇಳಿದರು.

ಜನ ಎದ್ದು ಹೋದ ಮೇಲೆ ಹತ್ತಿರ ಬಂದರು.

"ಮೇಷ್ಟ್ರೇ, ನೀವು ಹೇಳಿದ್ದು ನಿಜವಾ?"

"ನಿಜ."

"ಒಂದು ಬಾಂಬಿಗೆ ಊರಿಗೆ ಊರೇ?"

"ಹೌದು. ಜಪಾನಿನಲ್ಲಿ ಆಗಿದೆ. ಈಗ ಅದಕ್ಕಿಂತ ದೊಡ್ಡದು ಮಾಡಿ ಸಮುದ್ರದಲ್ಲಿ ಸಿಡಿಸಿ ನೋಡ್ತಾ ಇದ್ದಾರೆ."

"ಅಷ್ಟು ದೊಡ್ಡ ಸಂಗತೀನ ಮಗ್ಗಿ ಒಪ್ಪಿಸ್ದಂಗೆ ಹೇಳಿದ್ರಲ್ಲ. ನಂಗೆ ಆ ಸೊನ್ನೆ ಬಿಟ್ಟು ಬೇರೇನೂ ಕಾಣ್ಲಿಲ್ಲ." ನಸ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. "ಒಂದು ಪರದೆ ಬರೀತೀನಿ. ಬಟ್ಟೆ ನೀವು ತನ್ನಿ."

ಅವರ ಮನೆ ಕೃಷ್ಣರಾಜನಗರದಲ್ಲಿತ್ತು. ಹಳ್ಳಿ ನಾಟಕಗಳಿಗೆ ಪರದೆ, ಸೈಡ್ ವಿಂಗು, ಸಿಂಹಾಸನ ಎಲ್ಲವನ್ನೂ ಬಾಡಿಗೆಗೆ ಕೊಡುವ ಕಸುಬು. ಅರಮನೆ, ಕಾಡು, ಉದ್ಯಾನ, ಬೀದಿ, ಈ ನಾಲ್ಕು ಪರದೆ ಇದ್ದರೆ ಯಾವ ನಾಟಕವನ್ನಾದರೂ ಆಡಿಸಬಹುದು ಎನ್ನುತ್ತಿದ್ದರು. ಮುಂದಿನ ವಾರ ಒಂದು ಥಾನು ಕೋರಾ ಬಟ್ಟೆ ಹಿಡಿದು ಹೋದೆ. ಅವರ ಹೆಂಡತಿ ಅಗಲಗಳನ್ನು ಜೋಡಿಸಿ ಹೊಲಿದು ಕೊಟ್ಟರು. ಹುಣಸೆಬೀಜದ ಅಂಟು ಬಳಿದು, ಹಿತ್ತಲಿನಲ್ಲಿ ಒಣಗಿಸಿ, ಪಡಸಾಲೆಯ ಉದ್ದಕ್ಕೂ ಬಿಗಿದು ಕಟ್ಟಿದರು. ಆ ಮನೆಯಲ್ಲಿ ಪರದೆ ಕಟ್ಟಿದರೆ ಅಡುಗೆಮನೆಗೆ ಹೋಗಲು ಅದರ ಕೆಳಗೆ ಬಗ್ಗಿ ನುಸುಳಬೇಕಿತ್ತು.

ಮೊದಲು ಅವರು ಇದ್ದಿಲಿನಲ್ಲಿ ಗೀಚಿದ್ದು ಒಬ್ಬ ರಾಕ್ಷಸನನ್ನು. ಕೋರೆಹಲ್ಲು, ಊರಿನ ಮೇಲೆ ಎರಡು ಕಾಲು ಅಗಲಿಸಿ ನಿಂತ ಭಂಗಿ, ಬಾಯಲ್ಲಿ ಬೆಂಕಿ. ಅವರಿಗೆ ಅದು ಬಹಳ ಮೆಚ್ಚಿಗೆಯಾಗಿತ್ತು. ನನಗೆ ಆಗಲಿಲ್ಲ.

"ಆರ್ಟಿಸ್ಟರೇ, ಇದನ್ನ ರಾಕ್ಷಸ ಮಾಡಿದ್ದಲ್ಲ. ಮನುಷ್ಯರು ಕೂತು, ಲೆಕ್ಕ ಹಾಕಿ ಮಾಡಿದ್ದು. ರಾಕ್ಷಸನ್ನ ಬರೆದರೆ ಜನ ದೇವರು ಬಂದು ಕೊಲ್ತಾನೆ ಅಂದುಕೊಂಡು ಮನೆಗೆ ಹೋಗ್ತಾರೆ."

ಅವರಿಗೆ ಬೇಜಾರಾಯಿತು. ಹೊರಗೆ ಹೋಗಿ ಜಗುಲಿಯ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು, ಹಸಿ ಬಟ್ಟೆಯಿಂದ ರಾಕ್ಷಸನನ್ನು ಒರೆಸಿದರು. ಇದ್ದಿಲಿನ ಕಪ್ಪು ಪೂರ್ತಿ ಹೋಗಲಿಲ್ಲ.

ಎರಡನೆಯ ಸಲ ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯತೊಡಗಿದರು. ನಾನು ಓದಿದ್ದನ್ನೆಲ್ಲ ಹೇಳಿದ್ದೆ, ಸುಟ್ಟ ಮೈ, ಜೋತ ಚರ್ಮ, ನೀರು ನೀರು ಎನ್ನುತ್ತ ನದಿಗೆ ಇಳಿದವರು. ಅದು ಅರ್ಧ ಆಗುವ ಹೊತ್ತಿಗೆ ಅವರ ಹೆಂಡತಿ ಅಡುಗೆಮನೆಯಿಂದ ಹೊರಬಂದು, ನಮ್ಮಿಬ್ಬರನ್ನೂ ನೋಡದೆ ಪರದೆಗೇ ಹೇಳುವಂತೆ ಹೇಳಿದರು.

"ಇಂಥ ಪಟದ ಕೆಳಗೆ ನುಸುಳ್ಕೊಂಡು ನಾನು ಅನ್ನಕ್ಕೆ ಎಸರಿಡಕ್ಕಾಗಲ್ಲ."

"ನಿಜ ಹಂಗೇ ಇರೋದಂತೆ ಕಣೇ," ಅಂದರು ಆರ್ಟಿಸ್ಟರು.

"ಇರ್ಲಿ. ನಾನು ನೋಡಲ್ಲ. ನಾನೇ ನೋಡ್ದಿದ್ಮೇಲೆ ಸಂತೇಲಿ ಯಾವ ಹೆಂಗ್ಸು ನೋಡ್ತಾಳೆ? ಮಕ್ಕಳ ಕಣ್ಣು ಮುಚ್ಚಿ ಎಳ್ಕೊಂಡು ಹೋಯ್ತಾರೆ."

ಆ ದಿನ ಕೆಲಸ ನಿಂತಿತು. ವಾರದ ನಂತರ ಹೋದಾಗ ಆರ್ಟಿಸ್ಟರು ಹೆಣಗಳ ಮೇಲೆಲ್ಲ ಮಣ್ಣಿನ ಬಣ್ಣ ಹೊಡೆದು ಮುಚ್ಚಿ, ಬೇರೆಯದನ್ನೇ ಬರೆದಿದ್ದರು. ಅದು ಹುಣಸೂರಿನ ಸಂತೆಬೀದಿ. ನಾನು ದಿನಾ ನಡೆಯುವ ಬೀದಿ. ಅಂಗಡಿಗಳ ಸಾಲು, ಸೊಟ್ಟಗೆ ತಿರುಗುವ ಮೂಲೆ, ಹಸಿರು ಬಾಗಿಲಿನ ಧಾನ್ಯದ ಮಂಡಿ, ಅದರ ಮುಂದೆ ಹಿತ್ತಾಳೆಯ ತಕ್ಕಡಿ, ಬಿಚ್ಚಿ ನಿಲ್ಲಿಸಿದ ಗಾಡಿ, ಒಂದು ಜೊತೆ ಚಪ್ಪಲಿ. ಜನ ಇಲ್ಲ. ನಾಯಿ ಕೂಡ ಇಲ್ಲ. ಎಲ್ಲದರ ಮೇಲೂ ತೆಳ್ಳಗೆ ಬೂದಿ ಬಣ್ಣ. ಬೆಂಕಿಯಿಲ್ಲ, ರಕ್ತವಿಲ್ಲ.

"ಕೆ.ಆರ್. ನಗರದ ಬೀದಿ ಬರೀಬೋದಾಗಿತ್ತು. ಗೆರೆ ಎಳ್ದಂಗಿದಾವೆ, ಸಲೀಸು. ಆದ್ರೆ ಮೊದ್ಲು ತೋರ್ಸೋದು ನಿಮ್ಮೂರಲ್ಲಿ ಅಲ್ವಾ?" ಅಂದರು.

ಪ್ರೊಫೆಸರರಿಗೆ ವಿಷಯ ತಿಳಿಸಿದ್ದೆ. ಅವರು ಒಂದು ಬೆಳಿಗ್ಗೆ ರೈಲಿನಲ್ಲಿ ಬಂದರು, ಕೊಡೆ ಊರಿಕೊಂಡು. ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆರ್ಟಿಸ್ಟರಿಗೆ ಅಷ್ಟು ಹೊತ್ತು ಸುಮ್ಮನಿದ್ದು ಅಭ್ಯಾಸವಿಲ್ಲ.

"ಸಾರ್, ಪರದೆ ಬಿಚ್ಚೋವಾಗ ಹಿಂದೆ ಒಂದು ಕದಿನಿ ಹೊಡೆಸ್ಬೇಕು ಅಂತಿದೀನಿ," ಅಂದರು. ಜಾತ್ರೆಯಲ್ಲಿ ಹೊಡೆಯುವ ಸಿಡಿಮದ್ದು. "ಬಾಂಬು ಅಂದ್ಮೇಲೆ ಸದ್ದು ಬೇಕಲ್ವಾ?"

ಪ್ರೊಫೆಸರರು ಯೋಚಿಸಿ ಹೇಳಿದರು. "ಬೆಳಕು ಮೊದಲು ಬರುತ್ತೆ. ಸದ್ದು ಆಮೇಲೆ. ಹತ್ತಿರ ಇದ್ದವರಿಗೆ ಸದ್ದು ಕೇಳೋಷ್ಟು ಹೊತ್ತೇ ಇರೋದಿಲ್ಲ. ಅದರಿಂದ ಸದ್ದು ಬೇಡ."

"ಏನೂ ಬೇಡ್ವಾ? ಒಂದು ತಮಟೆನೂ?"

"ಏನೂ ಬೇಡ."

ಆರ್ಟಿಸ್ಟರು ನನ್ನ ಕಡೆ ನೋಡಿದರು. ಆಮೇಲೆ ಇನ್ನೊಂದು ಕೇಳಿದರು, ಆ ಬೆಳಕಿನ ಬಣ್ಣ ಯಾವುದು ಎಂದು. ಪ್ರೊಫೆಸರರು, ನೋಡಿದವರೆಲ್ಲ ಬಿಳಿ ಎಂದೇ ಹೇಳಿದ್ದಾರೆ, ಆದರೆ ನಾವು ನೋಡುವ ಯಾವ ಬಿಳಿಯೂ ಅಲ್ಲ, ಎಂದರು. ಆರ್ಟಿಸ್ಟರು ಆಕಾಶದ ಭಾಗಕ್ಕೆ ಬಳಿದಿದ್ದ ನೀಲಿಯನ್ನು ಆ ಸಂಜೆಯೇ ತೊಳೆದು ತೆಗೆದರು. ಬರಿಯ ಕೋರಾ ಬಟ್ಟೆಯನ್ನು ಹಾಗೇ ಬಿಟ್ಟರು. "ಬಣ್ಣ ಇಲ್ದಿರೋ ಜಾಗಕ್ಕೆ ಬಾಡಿಗೆ ಕೇಳೋ ಹಂಗಿಲ್ಲ," ಎಂದು ತಮಾಷೆ ಮಾಡಿದರು. ಪ್ರೊಫೆಸರರು ಅಂದು ಅವರ ಮನೆಯಲ್ಲೇ ಊಟ ಮಾಡಿ, ಹೊರಡುವಾಗ ಆರ್ಟಿಸ್ಟರ ಹೆಂಡತಿಗೆ, ನಾನು ಅಕ್ಕ ಎನ್ನುತ್ತಿದ್ದವರಿಗೆ, ಕೈಮುಗಿದು ಹೋದರು. ಹೆಣಗಳನ್ನು ಅಳಿಸಿದ್ದು ಯಾರ ಮಾತಿಗೆಂದು ನಾನು ಪ್ರೊಫೆಸರರಿಗೆ ಹೇಳಿದ್ದೆ.

ಹುಣಸೂರಿನಲ್ಲಿ ಸಂತೆಯ ದಿನ ಮಧ್ಯಾಹ್ನ, ಮೈದಾನದ ಅಂಚಿನಲ್ಲಿ ಎರಡು ಬಿದಿರು ನೆಟ್ಟು ಪರದೆ ಕಟ್ಟಿದೆವು. ಆರ್ಟಿಸ್ಟರು ಜನರಿಗೆ ನನ್ನನ್ನು ಪರಿಚಯಿಸಿ, "ಇವರು ಸೈಂಟಿಸ್ಟು, ನಾನು ಆರ್ಟಿಸ್ಟು" ಅಂದರು. ನಾನು ಸೈಂಟಿಸ್ಟ್ ಅಲ್ಲ, ಬರೀ ಮೇಷ್ಟ್ರು, ಎಂದು ಮೆಲ್ಲಗೆ ಹೇಳಿದ್ದಕ್ಕೆ, "ಸುಮ್ನಿರಿ, ಪ್ರಾಸ ಕೂಡ್ತದೆ" ಅಂದರು. ನಾನು ಸೊನ್ನೆ, ಚುಕ್ಕೆ ಎಲ್ಲ ಬಿಟ್ಟು, ಇಂಥ ಬಾಂಬು ಇದೆ, ಹೀಗಾಗುತ್ತದೆ, ದೇಶ ದೇಶಗಳು ಅದನ್ನು ಕೈಬಿಡಬೇಕೆಂದು ವಿಜ್ಞಾನಿಗಳೇ ಕೇಳುತ್ತಿದ್ದಾರೆ, ಎಂದಷ್ಟೇ ಹೇಳಿದೆ. ಆಮೇಲೆ ಸುತ್ತಿಟ್ಟಿದ್ದ ಪರದೆಯನ್ನು ಬಿಚ್ಚಿ ತೋರಿಸಿದೆವು.

ಜನ ಮೊದಲು ಹುಡುಕಿದ್ದು ತಮ್ಮ ತಮ್ಮ ಅಂಗಡಿಗಳನ್ನು. ಅಗೋ ಅದು ನಮ್ಮದು, ಇಗೋ ಇದು ಅವರದು ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಹಸಿರು ಬಾಗಿಲಿನ ಮಂಡಿಯ ಸಾವ್ಕಾರರೂ ಬಂದಿದ್ದರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಊರಿನ ನಾಟಕಗಳಿಗೆಲ್ಲ ಖರ್ಚು ಕೊಡುವವರು, ಬೆಳಗಿನಿಂದ ಸಂಜೆಯವರೆಗೆ ಆ ತಕ್ಕಡಿಯ ಪಕ್ಕ ಕೂತಿರುವವರು. ತಮ್ಮ ಮಂಡಿ ಕಂಡು ಸಂತೋಷದಿಂದ ಹತ್ತಿರ ಬಂದರು.

"ಚೆನ್ನಾಗಿ ಬರ್ದಿದೀರಿ. ತಕ್ಕಡಿ ಸರಪಳಿ ಸಮೇತ ಬಂದದೆ. ನಾನೆಲ್ಲಿ?"

"ನೀವಿಲ್ಲ ಸಾವ್ಕಾರ್ರೇ," ಅಂದರು ಆರ್ಟಿಸ್ಟರು.

"ಇಲ್ಲ ಅಂದ್ರೆ? ಒಳಗಿದೀನಾ?"

"ಒಳಗೂ ಇಲ್ಲ. ಯಾರೂ ಇಲ್ಲ."

ಸಾವ್ಕಾರರು ಪರದೆಯನ್ನು ಮತ್ತೊಮ್ಮೆ ನೋಡಿದರು. ಈ ಸಲ ತುದಿಯಿಂದ ತುದಿಯವರೆಗೆ ನೋಡಿದರು. ಆಮೇಲೆ ಹೊರಟುಹೋದರು.

ಎರಡು ದಿನ ಬಿಟ್ಟು ನನ್ನನ್ನು ಮಂಡಿಗೆ ಕರೆಸಿಕೊಂಡರು. ಅವರಿಗೆ ಜ್ವರ ಬಂದಿತ್ತು. ಪರದೆಯಿಂದಲೇ ಬಂತೆಂದು ಮನೆಯಲ್ಲಿ ಹೆಂಗಸರು ಹೇಳುತ್ತಿದ್ದರಂತೆ. ಅವರು ಹಾಗೆ ಹೇಳಲಿಲ್ಲ, ಆದರೆ ಅಲ್ಲಗಳೆಯಲೂ ಇಲ್ಲ.

"ಬದುಕಿರೋವಾಗ್ಲೇ ನನ್ನ ಜಾಗ ಖಾಲಿ ತೋರ್ಸೋದು ಸರಿಯಾ ಮೇಷ್ಟ್ರೇ? ಒಂದಿಷ್ಟು ಬಣ್ಣ ಹಾಕಿ ನನ್ನನ್ನ ಅಲ್ಲಿ ಕೂರ್ಸಿಬುಡಿ ಅನ್ನಿ ಅವರ್ಗೆ."

"ಯಾರೂ ಉಳಿಯೋದಿಲ್ಲ ಅನ್ನೋದನ್ನೇ ಅಲ್ವಾ ನಾವು ಹೇಳ್ತಿರೋದು, ಸಾವ್ಕಾರ್ರೇ?"

"ಅದು ನಂಗೂ ತಿಳೀತು ಕಣಪ್ಪ. ತಿಳೀದಿದ್ರೆ ಜ್ವರ ಯಾಕೆ ಬತ್ತಿತ್ತು?"

ಕೃಷ್ಣರಾಜನಗರಕ್ಕೆ ಹೋಗಿ ಆರ್ಟಿಸ್ಟರಿಗೆ ಹೇಳಿದೆ. ಸಾವ್ಕಾರರನ್ನು ಬರೆಯಲು ಅವರು ಸಿದ್ಧರಿದ್ದರು. ನಾನೇ ಒಪ್ಪಲಿಲ್ಲ. ಒಬ್ಬರನ್ನು ಉಳಿಸಿದರೆ ಇಡೀ ಪರದೆ ಸುಳ್ಳಾಗುತ್ತದೆ ಎಂದು ವಾದ ಮಾಡಿದೆ. ಅವರು ಕೈಯಲ್ಲಿ ಕುಂಚ ಹಿಡಿದುಕೊಂಡು, "ಸುಳ್ಳಾಗಬಾರ್ದು, ಸಾವ್ಕಾರ್ರೂ ಕೂರ್ಬೇಕು" ಎಂದು ತಮ್ಮಷ್ಟಕ್ಕೆ ಎರಡು ಮೂರು ಸಲ ಹೇಳಿಕೊಂಡರು. ಕೊನೆಗೆ ಹೆಂಡತಿಯನ್ನು ಕೂಗಿ, ಇನ್ನೊಂದು ಪರದೆಯಷ್ಟು ಬಟ್ಟೆ ಹೊಲಿಯಲು ಹೇಳಿದರು.

ಎರಡನೆಯ ಪರದೆಯಲ್ಲಿಯೂ ಅದೇ ಬೀದಿ, ಅದೇ ಅಳತೆ. ಆದರೆ ಸಂತೆ ನೆರೆದಿದೆ. ಸಾವ್ಕಾರರು ತಕ್ಕಡಿಯ ಪಕ್ಕ ಕೂತಿದ್ದಾರೆ. ಅದನ್ನು ಬರೆಯಲು ಆರ್ಟಿಸ್ಟರು ಹುಣಸೂರಿಗೆ ಬಂದು ನನ್ನ ಕೋಣೆಯಲ್ಲಿ ಉಳಿದು, ಬೀದಿಯಲ್ಲಿ ಕೂತು ಮುಖಗಳನ್ನು ಗೀಚಿಕೊಂಡರು. ಸುದ್ದಿ ಹಬ್ಬಿತು. ಜನ ತಾವಾಗಿ ಬಂದು ನಿಲ್ಲುತ್ತಿದ್ದರು. ಬಳೆ ಮಾರುವಾಕೆ ಬಂದಳು, ಲಾಳ ಕಟ್ಟುವವನು ಬಂದ, ಕೊಡಗಿನಿಂದ ಕಿತ್ತಳೆ ತರುವ ವ್ಯಾಪಾರಿ ಬಂದ, ಟೊಪ್ಪಿಗೆ ಸರಿಮಾಡಿಕೊಂಡು ಪೋಸ್ಟ್‌ಮ್ಯಾನ್ ಬಂದ. ಸೊಪ್ಪಿನ ಮುದುಕಿಯೊಬ್ಬಳು ತನ್ನ ಎಮ್ಮೆಯನ್ನೂ ಬರೆಯಬೇಕೆಂದು ಹಟ ಹಿಡಿದಳು. ಬರೆದರು. ಸಾವ್ಕಾರರಿಗೆ ಜ್ವರ ಬಿಟ್ಟಿತ್ತು, ಪರದೆ ಸಾಗಿಸಲು ತಮ್ಮ ಗಾಡಿ ಕೊಟ್ಟರು. ಖಾಲಿ ಪರದೆಯನ್ನು ಏನು ಮಾಡುತ್ತೀರಿ ಎಂದು ಮಾತ್ರ ಅವರು ಯಾವತ್ತೂ ಕೇಳಲಿಲ್ಲ.

ಖಾಲಿ ಪರದೆ ಹಿಂದೆ, ತುಂಬಿದ ಪರದೆ ಮುಂದೆ. ನಾಟಕದ ಪರದೆಯಂತೆ ಮುಂದಿನದು ಹಗ್ಗ ಎಳೆದರೆ ಬಿದಿರಿಗೆ ಸುತ್ತಿಕೊಂಡು ಮೇಲೆ ಏಳುವಂತೆ ಮಾಡಿದರು. ಪಿರಿಯಾಪಟ್ಟಣದಲ್ಲಿ ಮೊದಲ ಸಲ ಹೀಗೆ ತೋರಿಸಿದೆವು. ಜನ ನಗುತ್ತ, ಹುಣಸೂರಿನ ಪರಿಚಯದ ಮುಖಗಳನ್ನು ಗುರುತಿಸುತ್ತ ಇದ್ದಾಗ, ನಾನು ಮಾತು ನಿಲ್ಲಿಸಿದೆ. ಆರ್ಟಿಸ್ಟರು ಹಗ್ಗ ಎಳೆದರು. ತಮಟೆ ಇಲ್ಲ, ಮದ್ದಿಲ್ಲ. ಸಂತೆ ಕೆಳಗಿನಿಂದ ಸುತ್ತಿಕೊಳ್ಳುತ್ತ ಮೇಲೆ ಹೋಯಿತು, ಕಾಲುಗಳು ಮೊದಲು, ಮುಖಗಳು ಕೊನೆಗೆ. ಹಿಂದೆ ಅದೇ ಬೀದಿ.

ಅಲ್ಲಿ ಆದದ್ದನ್ನು ನಾನು ಹೆಚ್ಚು ಮಾಡಿ ಹೇಳಬಾರದು. ಯಾರೂ ಅಳಲಿಲ್ಲ, ಕೂಗಲಿಲ್ಲ. ನಗು ನಿಂತಿತು, ಅಷ್ಟೇ. ಒಬ್ಬ ರೈತರು ಕೇಳಿದರು.

"ಅದು ಎಲ್ಲೋ ಸಮುದ್ರದಾಗೆ ಸಿಡಿಸ್ತಾರೆ ಅಂದ್ರಿ. ನಮ್ಗೇನು?"

"ಸಿಡಿಸಿದ ಮೇಲೆ ಬೂದಿ ಗಾಳಿಯಲ್ಲಿ ಹೋಗುತ್ತೆ. ಬಹಳ ದೂರದಲ್ಲಿ ಮೀನು ಹಿಡೀತಿದ್ದವರ ಮೇಲೆ ಬಿತ್ತು, ಅವರು ಕಾಯಿಲೆ ಬಿದ್ದರು."

"ಹುಲ್ಲಿನ ಮೇಲೂ ಬೀಳ್ತದಾ?"

"ಬೀಳುತ್ತೆ."

"ಹಸ ಮೇಯ್ತದಲ್ಲ."

"ಹೌದು. ಹಾಲಿಗೂ ಬರುತ್ತೆ ಅಂತ ಹೇಳ್ತಿದ್ದಾರೆ."

ಅವರು ಪಕ್ಕದವರ ಕಡೆ ತಿರುಗಿ, "ಇದೂ ಬೂದಿ, ಅದೂ ಒಂದು ಬೂದಿ," ಎಂದು ಹಣೆಯ ವಿಭೂತಿಯನ್ನು ಮುಟ್ಟಿಕೊಂಡರು. ನನ್ನ ಅಷ್ಟೂ ಭಾಷಣಗಳಲ್ಲಿ ಹಸುವಿನ ಮಾತು ಬಂದಿರಲಿಲ್ಲ. ಅಲ್ಲಿಂದ ಮುಂದೆ ನಾನು ಅದನ್ನೇ ಮೊದಲು ಹೇಳತೊಡಗಿದೆ.

ಶಾಲೆಯಲ್ಲಿ ಹೆಡ್‌ಮಾಸ್ಟರರು ಒಂದು ದಿನ ಕೋಣೆಗೆ ಕರೆದರು. ಒಳ್ಳೆಯವರು, ಪಿಂಚಣಿ ಹತ್ತಿರವಿತ್ತು.

"ಶಾಂತಿ ಅಂತ ಯಾರು ಮಾತಾಡಿದರೂ ಯಾವ ಪಾರ್ಟಿ ಅಂತ ಕೇಳೋ ಕಾಲ ಕಣಯ್ಯ ಇದು. ನೀನು ಸರ್ಕಾರಿ ನೌಕರ."

"ನಾನು ಯಾವ ಪಾರ್ಟಿಯೂ ಅಲ್ಲ ಸಾರ್. ಪ್ರೊಫೆಸರರು ಹೇಳಿದ್ರು, ಮಾಡ್ತಿದೀನಿ."

"ಗೊತ್ತು. ಕೇಳಿದವರಿಗೆ ಹಾಗೇ ಹೇಳ್ತೀನಿ. ಆದ್ರೆ ಕೇಳ್ತಾ ಇದ್ದಾರೆ ಅಂತ ನಿನಗೆ ತಿಳಿಸ್ಬೇಕಲ್ಲ."

ಅದೇ ಬೇಸಿಗೆಯಲ್ಲಿ ನನಗೆ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ಆಗ ಕೋಟೆಗೆ ಹಾಕಿದರೆ ಜನ ಅಯ್ಯೋ ಎನ್ನುತ್ತಿದ್ದರು. ಕಾಡಿನ ಸೀಮೆ, ಮಲೇರಿಯಾದ ಹೆಸರು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಶಿಕ್ಷೆಯೋ, ಸರದಿಯ ಪ್ರಕಾರ ಬಂದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಲಿಲ್ಲ. ಪೆಟ್ಟಿಗೆ, ಹಾಸಿಗೆ ಕಟ್ಟಿಕೊಂಡು ಬಸ್ ಹತ್ತಿದೆ.

ಆರ್ಟಿಸ್ಟರು ಮಾತ್ರ ಬಿಡಲಿಲ್ಲ. ನಾನು ಹೋಗಿ ನೆಲೆಯೂರುವ ಮೊದಲೇ ಎರಡೂ ಪರದೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದರು. ನಾಲ್ಕೂ ಕಡೆಯ ದಾರಿ ಸೇರುವ ಜಾಗ. ಬಸ್ಸಿಗೆ ಕಾಯುವ ಜನ ಸದಾ ಇರುತ್ತಿದ್ದರು. ಮರದ ಕೆಳಗೆ ಪರದೆ ಕಟ್ಟಿದೆವು. ಇಲ್ಲಿ ಹುಣಸೂರಿನ ಮುಖಗಳ ಪರಿಚಯ ಯಾರಿಗೂ ಇರಲಿಲ್ಲ. ಕೆಲಸ ಮಾಡುವುದಿಲ್ಲ ಎಂದುಕೊಂಡಿದ್ದೆ. ಕೇರಳದ ಕಡೆಗೆ ಮರ ಸಾಗಿಸುವ ಲಾರಿಯ ಆಳುಗಳು, ಕಾಡಿನ ಹಾಡಿಯಿಂದ ಜೇನು ತಂದವರು, ಆಸ್ಪತ್ರೆಗೆ ಹೊರಟವರು, ಎಲ್ಲ ನಿಂತು ನೋಡಿದರು. ಸಂತೆ ಸುತ್ತಿಕೊಂಡು ಮೇಲೆ ಹೋಗಿ ಖಾಲಿ ಬೀದಿ ಕಂಡಾಗ, ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಒಬ್ಬ ಮುದುಕಿ ಮುಂದೆ ಬಂದಳು.

"ಅದನ್ನ ಇಳಿಸ್ರಪ್ಪ."

ಆರ್ಟಿಸ್ಟರಿಗೆ ತಿಳಿಯಲಿಲ್ಲ. "ಪರದೆ ಬಿಚ್ಚಬೇಕಾ ಅಜ್ಜಿ? ಇನ್ನೂ ಮುಗ್ದಿಲ್ಲ."

"ಮೊದಲ್ನೇದ ಇಳಿಸಿ. ಜನ ಇರೋದ."

ಅವರು ಹಗ್ಗ ಸಡಿಲ ಬಿಟ್ಟರು. ಸಂತೆ ಮತ್ತೆ ಇಳಿದು ಬಂತು. ಮುಖಗಳು, ತಕ್ಕಡಿ, ಎಮ್ಮೆ. ಮುದುಕಿ ಪರದೆ ನೆಲ ಮುಟ್ಟುವವರೆಗೆ ನೋಡಿ, "ಹಾ, ಇಂಗೇ ಇರ್ಲಿ," ಎಂದು ಹೇಳಿ ಬಸ್ಸಿನ ಕಡೆ ಹೋದಳು. ಇನ್ನೂ ಕೆಲವರು ಹೂಂ ಹೂಂ ಎಂದರು. ನಾನು ಹೇಳಬೇಕೆಂದಿದ್ದ ಕೊನೆಯ ಮಾತುಗಳನ್ನು ಹೇಳಲಿಲ್ಲ. ಆಮೇಲೆ ನಾವು ಎಲ್ಲಿ ತೋರಿಸಿದರೂ ಕೊನೆಗೆ ಪರದೆಯನ್ನು ಇಳಿಸಿಯೇ ಮುಗಿಸಿದೆವು. ಇಳಿಸುವ ಮೊದಲು, ಇದನ್ನು ಇಳಿಸಬೇಕಾ ಬೇಡವಾ ಎಂದು ಆರ್ಟಿಸ್ಟರು ಜನರನ್ನೇ ಕೇಳುತ್ತಿದ್ದರು. ಬೇಡ ಎಂದವರನ್ನು ನಾನು ನೋಡಲಿಲ್ಲ.

ಮುಂದಿನ ವರ್ಷ ಪ್ರೊಫೆಸರರು ಮೈಸೂರಿನಲ್ಲಿ ಒಂದು ಸಭೆ ಸೇರಿಸಿದರು. ಕಾಲೇಜಿನವರು, ಚಿತ್ರಕಾರರು, ಸಂಗೀತದವರು, ಬರೆಯುವವರು ಬಂದಿದ್ದರು. ನಮ್ಮ ಪರದೆಗಳನ್ನು ಗೋಡೆಗೆ ಕಟ್ಟಿದ್ದರು. ಆರ್ಟಿಸ್ಟರು ಯಾರದೋ ಕೋಟು ಹಾಕಿಕೊಂಡು ಬಂದಿದ್ದರು, ತೋಳು ಗಿಡ್ಡವಾಗಿತ್ತು. ಪಟ್ಟಣದ ಚಿತ್ರಕಾರರೊಬ್ಬರು ಬೀದಿಯ ಗೆರೆಗಳು ದೂರದಲ್ಲಿ ಒಂದೆಡೆ ಸೇರುವುದು ಸರಿಯಾಗಿಲ್ಲ ಎಂದರು. ಆರ್ಟಿಸ್ಟರಿಗೆ ಸಿಟ್ಟು ಬಂತು. "ಹುಣಸೂರಿನ ಬೀದೀನೇ ಸೊಟ್ಟ ಸ್ವಾಮಿ, ನಾನೇನು ಮಾಡ್ಲಿ?" ಅಂದರು. ಪ್ರೊಫೆಸರರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಭೆ ಬಹಳ ಹೊತ್ತು ನಡೆಯಿತು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಠರಾವು ಆಯಿತು. ಏನೆಂದರು ಎಂದು ಆರ್ಟಿಸ್ಟರು ಕೇಳಿದರು. ಬಾಂಬು ಸಿಡಿಸಿ ನೋಡುವ ಪರೀಕ್ಷೆಗಳನ್ನು ನಿಲ್ಲಿಸಬೇಕು, ಇರುವ ಬಾಂಬುಗಳನ್ನು ನಾಶ ಮಾಡಬೇಕು ಎಂದು ಎಲ್ಲ ಸರ್ಕಾರಗಳನ್ನು ಕೇಳಿಕೊಂಡಿದ್ದಾರೆ, ಎಂದೆ.

"ಅಷ್ಟೇಯಾ?"

"ಅಷ್ಟೇ."

"ನಾವು ಹೇಳ್ತಿದ್ದದ್ದೂ ಅದೇ ಅಲ್ವಾ."

ಅಲ್ಲಿಂದ ಠರಾವು ಎಲ್ಲಿಗೆ ಹೋಯಿತು, ಯಾರು ಓದಿದರು, ನನಗೆ ತಿಳಿಯಲಿಲ್ಲ. ಪರೀಕ್ಷೆಗಳು ಆ ವರ್ಷವೂ ನಡೆದವು, ಮುಂದಿನ ವರ್ಷವೂ ನಡೆದವು. ಒಂದು ಮಳೆಗಾಲ ಆರ್ಟಿಸ್ಟರ ಮನೆ ಸೋರಿ ಖಾಲಿ ಬೀದಿಯ ಪರದೆಗೆ ನೀರು ಹತ್ತಿತು. ಚುಂಚನಕಟ್ಟೆಯ ಕಡೆಯವರು ನಾಟಕಕ್ಕೆ ಕಾಡಿನ ಪರದೆ ಕೇಳಿದಾಗ, ಹಾಳಾದ ಬಟ್ಟೆಯ ಮೇಲೆಯೇ ಕಾಡು ಬರೆದು ಕೊಟ್ಟರು. ನನಗೆ ಹೇಳುವಾಗ ಸ್ವಲ್ಪ ಅಳುಕಿದರು. ನನಗೇನೂ ಅನಿಸಲಿಲ್ಲ. ಕಸುಬಿನ ಬಟ್ಟೆ ಕಸುಬಿಗೆ ಹೋಯಿತು. ಜನ ತುಂಬಿದ ಪರದೆಯನ್ನು ಬೀದಿಯ ದೃಶ್ಯಕ್ಕೆಂದು ಬಾಡಿಗೆಗೆ ಕೊಡುತ್ತಿದ್ದರು. ಎಷ್ಟೋ ಊರುಗಳಲ್ಲಿ ಅದರ ಮುಂದೆ ಮಂತ್ರಿ, ಸೇನಾಪತಿಗಳು ಓಡಾಡಿದರು.

ನಾನು ಕೃಷ್ಣರಾಜನಗರಕ್ಕೆ ವರ್ಗವಾಗಿ ಬಂದು ಕೆಲವು ವರ್ಷಗಳಾದ ಮೇಲೆ, ದೊಡ್ಡ ದೇಶಗಳು ಇನ್ನು ಬಯಲಿನಲ್ಲಿ, ಗಾಳಿಯಲ್ಲಿ, ನೀರಿನಲ್ಲಿ ಬಾಂಬು ಸಿಡಿಸುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಪ್ರೊಫೆಸರರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೇಳಬೇಕಾದವರು ಇನ್ನೊಬ್ಬರೇ. ಶಾಲೆಗೆ ಹೋಗುವ ಮೊದಲು ಆರ್ಟಿಸ್ಟರ ಮನೆಗೆ ನಡೆದೆ. ಜಗುಲಿಯ ಮೇಲೆ ಸೋಡಾ ಅಂಗಡಿಯ ಬೋರ್ಡೊಂದಕ್ಕೆ ಅಕ್ಷರ ಬರೆಯುತ್ತಿದ್ದರು. ಈಗ ಕನ್ನಡಕ ಬಂದಿತ್ತು. ರೇಡಿಯೋದ ಸುದ್ದಿ ಹೇಳಿದೆ.

"ನೆಲದೊಳಗೆ ಸಿಡ್ಸೋದು?" ಎಂದು ಕೇಳಿದರು, ಕುಂಚ ಎತ್ತದೆ.

"ನೆಲದೊಳಗಿಂದು ನಿಲ್ಲಿಸಿಲ್ಲ."

"ಮಾಡಿಟ್ಟಿರೋವು?"

"ಹಾಗೇ ಇವೆ."

ಅವರು ಅಕ್ಷರದ ಬಾಲವನ್ನು ಮುಗಿಸಿ ಹಿಂದೆ ಸರಿದು ನೋಡಿದರು. "ಅರ್ಧ ಅನ್ನಿ."

"ಅರ್ಧಕ್ಕೂ ಕಡಿಮೆ."

ಮಜ್ಜಿಗೆ ತಂದ ಅಕ್ಕ ನಮ್ಮ ಮಾತು ಕೇಳಿಸಿಕೊಂಡಿದ್ದರು. "ಹುಲ್ಲಿನ ಮೇಲೆ ಬೂದಿ ಬೀಳೋದು ತಪ್ತಲ್ಲ," ಅಂದರು.

"ಅದು ತಪ್ಪಿತು ಅಕ್ಕ."

"ಅಷ್ಟಾದ್ರೂ ಆಯ್ತು ಬುಡಿ."

ಮಜ್ಜಿಗೆ ಕುಡಿದು, ಅವರ ಮಗಳಿಗೆ ನೋಡುತ್ತಿದ್ದ ಗಂಡಿನ ವಿಷಯ ಸ್ವಲ್ಪ ಮಾತಾಡಿ, ಮೊದಲ ಗಂಟೆಗೆ ಹೊತ್ತಾಯಿತೆಂದು ಎದ್ದು ಬಂದೆ.